ಕಮಲಾಪುರದಿಂದ ಬಂದ ಸೊನ್ನೆ

2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಸುತ್ತಲಿನ ಊರುಗಳಲ್ಲಿ ನೆಲ ಮತ್ತೆ ಮತ್ತೆ ನಡುಗಿತು. 11ರ ರಾತ್ರಿಯ ಕಂಪನದ ತೀವ್ರತೆ ರಿಕ್ಟರ್ ಮಾಪಕದಲ್ಲಿ 4.1 ಇತ್ತು. ಜನ ಮನೆಯೊಳಗೆ ಮಲಗಲು ಅಂಜಿ ಹೊರಗೆ ರಾತ್ರಿ ಕಳೆದರು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಅಲ್ಲಿ ತಾತ್ಕಾಲಿಕವಾಗಿ ಒಂದು ಕಂಪನಮಾಪಕ ತಂದಿಟ್ಟರು. ಆ ಉಪಕರಣಕ್ಕೆ ಒಂದು ಗುಣ ಇದೆ. ಭೂಕಂಪ ಆಗದ ದಿನವೂ ಅದರ ಗೆರೆ ಸಪಾಟಾಗಿರುವುದಿಲ್ಲ. ದೂರದ ಕಡಲಿನ ಅಲೆಗಳ ಬಡಿತ, ರಸ್ತೆ ಮೇಲೆ ಹೋದ ಲಾರಿ, ಗಾಳಿಗೆ ಅಲುಗಿದ ಮರದ ಬೇರು ಎಲ್ಲವೂ ಅದರಲ್ಲಿ ಸಣ್ಣದಾಗಿ ಮೂಡುತ್ತಲೇ ಇರುತ್ತವೆ. ಗೆರೆ ಪೂರ್ತಿ ನೇರವಾಯಿತೆಂದರೆ ನೆಲ ಶಾಂತವಾಗಿದೆ ಎಂದು ಯಾವ ತಜ್ಞರೂ ತಿಳಿಯುವುದಿಲ್ಲ. ಯಂತ್ರ ಕೆಟ್ಟಿದೆ, ಹೋಗಿ ನೋಡಿ ಎನ್ನುತ್ತಾರೆ.

ಅದೇ ಕೇಂದ್ರ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ನಿಲ್ಲಿಸಿರುವ ಟೆಲಿಮೆಟ್ರಿಕ್ ಮಳೆಮಾಪಕದ ಸ್ವಭಾವ ಬೇರೆ. ಮೇಲೊಂದು ಲಾಳಿಕೆ, ಒಳಗೆ ತಕ್ಕಡಿಯಂತೆ ತೂಗುವ ಎರಡು ಪುಟ್ಟ ಬಟ್ಟಲು. ಮಳೆ ನೀರು ಒಂದು ಬಟ್ಟಲಲ್ಲಿ ತುಂಬಿದಾಗ ಅದು ಮಗುಚಿ ಮತ್ತೊಂದು ಮುಂದಕ್ಕೆ ಬರುತ್ತದೆ. ಎಷ್ಟು ಸಲ ಮಗುಚಿತು ಎಂಬುದೇ ಮಳೆಯ ಲೆಕ್ಕ. ಸೌರ ಫಲಕದಿಂದ ಬ್ಯಾಟರಿ ತುಂಬಿಕೊಂಡು, ಮೊಬೈಲ್ ಜಾಲದ ಮೂಲಕ 15 ನಿಮಿಷಕ್ಕೊಮ್ಮೆ ಆ ಲೆಕ್ಕ ಬೆಂಗಳೂರಿಗೆ ಹೋಗುತ್ತದೆ. ಮಳೆ ಬಾರದಿದ್ದರೆ ಸೊನ್ನೆ. ಲಾಳಿಕೆಯಲ್ಲಿ ಎಲೆ, ಹಕ್ಕಿಯ ಹಿಕ್ಕೆ, ಜೇಡನ ಬಲೆ ಸಿಕ್ಕಿಕೊಂಡು ನೀರು ಕೆಳಗಿಳಿಯದಿದ್ದರೂ ಸೊನ್ನೆ. ಕಲಬುರಗಿ ಜಿಲ್ಲೆಯ ಕಮಲಾಪುರದಲ್ಲಿ ಆಕಾಶ ಒಣಗಿದ್ದಾಗ ಬರುವ ಸೊನ್ನೆಗೂ, ಆಕಾಶ ಸುರಿಯುತ್ತಿದ್ದು ಲಾಳಿಕೆ ಕಟ್ಟಿಕೊಂಡಾಗ ಬರುವ ಸೊನ್ನೆಗೂ ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಕಾಣುವುದಿಲ್ಲ.

ಈ ಎರಡು ಉಪಕರಣಗಳ ನಡುವಿನ ಅಂತರವೇ ನಾನಿಲ್ಲಿ ಮಾಡಬೇಕೆಂದಿರುವ ವಾದದ ತಳಪಾಯ. ನಮ್ಮ ಸರ್ಕಾರಿ ಕಚೇರಿ, ವಿದ್ಯುತ್ ಕಂಪನಿ, ಆಸ್ಪತ್ರೆ, ಬ್ಯಾಂಕುಗಳ ಕಂಪ್ಯೂಟರ್ ಜಾಲಗಳನ್ನು ಕಾಯಲು ಇಟ್ಟಿರುವ ವ್ಯವಸ್ಥೆಗಳನ್ನು ಸಾಮಾನ್ಯವಾಗಿ ಮಳೆಮಾಪಕದ ಜಾತಿಗೆ ಸೇರಿಸಿ ಕಟ್ಟುತ್ತೇವೆ. ಅವು ಸದ್ದು ಮಾಡದಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳುತ್ತೇವೆ. ಅವುಗಳನ್ನು ಕಂಪನಮಾಪಕದಂತೆ ಕಟ್ಟಬೇಕು. ಅವುಗಳ ಮೌನವೇ ಮೊದಲ ಎಚ್ಚರಿಕೆಯಾಗಬೇಕು. ಅವು ಎಚ್ಚರವಾಗಿವೆಯೇ ಎಂಬ ಪರೀಕ್ಷೆ ಜಾಲದ ಕಟ್ಟಕಡೆಯ ತುದಿಯಿಂದ, ಕಮಲಾಪುರದಂಥ ಊರಿನಿಂದ ಆರಂಭವಾಗಬೇಕು.

ಈ ಕಾವಲು ವ್ಯವಸ್ಥೆ ಮಾಡುವ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ. ಒಂದು ಜಿಲ್ಲೆಯ ಜಾಲದಲ್ಲಿರುವ ಸರ್ವರ್, ರೂಟರ್, ಯುಪಿಎಸ್, ಡೇಟಾಬೇಸ್‌ಗಳು ಕ್ಷಣಕ್ಷಣಕ್ಕೂ ಸಣ್ಣ ಸಣ್ಣ ಸುದ್ದಿ ಹೊರಡಿಸುತ್ತವೆ. ಡಿಸ್ಕ್ ತುಂಬುತ್ತಿದೆ, ಲಿಂಕ್ ಕಡಿದಿದೆ, ಕರೆಂಟ್ ಹೋಗಿ ಬ್ಯಾಟರಿ ಮೇಲೆ ಓಡುತ್ತಿದ್ದೇನೆ, ಯಾರೋ ತಪ್ಪು ಪಾಸ್‌ವರ್ಡ್ ಹಾಕುತ್ತಿದ್ದಾರೆ. ಇವೇ ಈವೆಂಟ್‌ಗಳು. ಇವನ್ನೆಲ್ಲ ಒಂದೆಡೆ ತಂದು, ಒಂದೇ ಕಾರಣದಿಂದ ಹುಟ್ಟಿದ ನೂರು ಸುದ್ದಿಗಳನ್ನು ಒಂದಾಗಿ ಕಟ್ಟಿ, ಲೆಕ್ಕಕ್ಕಿಲ್ಲದ್ದನ್ನು ಬದಿಗಿಟ್ಟು, ಮನುಷ್ಯ ನೋಡಲೇಬೇಕಾದದ್ದನ್ನು ಟಿಕೆಟ್ ಮಾಡಿ, ಪಾಳಿಯಲ್ಲಿರುವ ಎಂಜಿನಿಯರ್‌ನ ಫೋನಿಗೆ ತಲುಪಿಸುವ ತಂತ್ರಾಂಶವೇ ಈವೆಂಟ್ ಮ್ಯಾನೇಜ್‌ಮೆಂಟ್ ವ್ಯವಸ್ಥೆ. ಕಮಲಾಪುರ ತಹಶೀಲ್ ಕಚೇರಿಗೆ ಪಹಣಿಗಾಗಿ ಬಂದ ರೈತನಿಗೆ ಈ ಹೆಸರು ಗೊತ್ತಿರಬೇಕಿಲ್ಲ. ಅವನಿಗೆ ಕೇಳಿಸುವುದು “ಸರ್ವರ್ ಡೌನ್ ಅದರಿ, ನಾಳೆ ಬರ್ರಿ” ಎಂಬ ಮಾತು ಮಾತ್ರ. ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರ್ ಸೇರಿ ಸುಮಾರು 25 ವರ್ಷವಾಯಿತು. ಒಂದು ದಿನದ ಕೂಲಿ ಬಿಟ್ಟು ಬಂದವನು ಬರಿಗೈಲಿ ಹೋಗುವುದಕ್ಕೂ, ಅವನು ಬರುವ ಮೊದಲೇ ಲಿಂಕ್ ಸರಿಯಾಗಿರುವುದಕ್ಕೂ ನಡುವೆ ಈ ಅದೃಶ್ಯ ವ್ಯವಸ್ಥೆ ನಿಂತಿದೆ.

ಅದು ಕೆಟ್ಟರೆ ಗೊತ್ತಾಗುವುದು ಹೇಗೆ? ಈ ಪ್ರಶ್ನೆಗೆ ಜಗತ್ತು ಕಲಿತ ದೊಡ್ಡ ಪಾಠ 2003ರ ಆಗಸ್ಟ್ 14ರದ್ದು. ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ನಗರದ ಫಸ್ಟ್‌ಎನರ್ಜಿ ಎಂಬ ವಿದ್ಯುತ್ ಕಂಪನಿಯ ನಿಯಂತ್ರಣ ಕೊಠಡಿ. ಮಧ್ಯಾಹ್ನ 2.14ಕ್ಕೆ ಅಲ್ಲಿನ ಅಲಾರ್ಮ್ ತಂತ್ರಾಂಶ ನಿಂತುಹೋಯಿತು. ಎರಡು ಪ್ರಕ್ರಿಯೆಗಳು ಒಂದೇ ಕ್ಷಣದಲ್ಲಿ ಒಂದೇ ದತ್ತಾಂಶಕ್ಕೆ ಕೈಹಾಕಿದಾಗ ಆಗುವ, ಹಿಡಿಯಲು ತುಂಬ ಕಷ್ಟವಾದ ದೋಷ ಅದು. ನಿಂತದ್ದು ಯಾರಿಗೂ ತಿಳಿಯಲಿಲ್ಲ. ಅಲಾರ್ಮ್ ನಿಂತಿದೆ ಎಂದು ಹೇಳುವ ಅಲಾರ್ಮ್ ಇರಲಿಲ್ಲ. ಸಂಸ್ಕರಿಸದ ಸುದ್ದಿಗಳು ಹಿಂದೆ ರಾಶಿ ಬಿದ್ದು 2.41ಕ್ಕೆ ಮುಖ್ಯ ಸರ್ವರ್ ಕುಸಿಯಿತು. ಕೆಲಸ ಬದಲಿ ಸರ್ವರ್‌ಗೆ ಹೋಯಿತು, ಅದೇ ಕೆಟ್ಟ ಅಲಾರ್ಮ್ ಪ್ರಕ್ರಿಯೆಯೂ ಜೊತೆಗೆ ಹೋಯಿತು. 13 ನಿಮಿಷದಲ್ಲಿ ಬದಲಿಯೂ ಕುಸಿಯಿತು. ಬದಲಿ ವ್ಯವಸ್ಥೆ ಇದೆ ಎಂಬ ನೆಮ್ಮದಿ ಎಷ್ಟು ಪೊಳ್ಳಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡುವುದು ಅದರ ನಂತರದ ಗಳಿಗೆಗಳು. ಸರ್ವರ್ ಬಿದ್ದ ಸುದ್ದಿ ಕಂಪನಿಯ ಐಟಿ ವಿಭಾಗಕ್ಕೆ ತಾನಾಗಿಯೇ ಮುಟ್ಟಿತ್ತು. ಅವರು ಸರ್ವರನ್ನು ಮತ್ತೆ ಚಾಲೂ ಮಾಡಿದರು. 3.08ರ ಹೊತ್ತಿಗೆ ಅದು ಎದ್ದು ನಿಂತಿತು. ಅವರ ಪಾಲಿಗೆ ಕೆಲಸ ಮುಗಿದಿತ್ತು. ಅಲಾರ್ಮ್ ಬರುತ್ತಿದೆಯೇ ಎಂದು ಪಕ್ಕದ ನಿಯಂತ್ರಣ ಕೊಠಡಿಯವರನ್ನು ಅವರು ಕೇಳಲಿಲ್ಲ. ಅಲಾರ್ಮ್ ಸತ್ತಿದ್ದು ಕೊಠಡಿಯವರಿಗೂ ತಿಳಿದಿರಲಿಲ್ಲ. ಅಷ್ಟರಲ್ಲಿ ನೆರೆಯ ಕಂಪನಿಯೊಂದು ಫೋನ್ ಮಾಡಿ ನಿಮ್ಮ ಒಂದು ಲೈನ್ ಟ್ರಿಪ್ ಆಗಿ ಮತ್ತೆ ಸೇರಿಕೊಂಡಿತಲ್ಲ ಎಂದು ವಿಚಾರಿಸಿದಾಗ, ನಮ್ಮಲ್ಲಿ ಅಂಥದ್ದೇನೂ ಕಾಣುತ್ತಿಲ್ಲ ಎಂದೇ ಉತ್ತರ ಹೋಗಿತ್ತು. 345 ಕಿಲೋವೋಲ್ಟ್ ಲೈನುಗಳು ಒಂದಾದ ಮೇಲೊಂದು ಮರಗಳಿಗೆ ತಾಗಿ ಟ್ರಿಪ್ ಆಗುತ್ತ ಹೋದವು. ಸಂಜೆ 4 ಗಂಟೆ ದಾಟಿದ ಕೆಲವೇ ನಿಮಿಷಗಳಲ್ಲಿ ಅಮೆರಿಕದ 8 ರಾಜ್ಯಗಳು ಮತ್ತು ಕೆನಡಾದ ಒಂಟಾರಿಯೊ ಸೇರಿ ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯಿತು. ನಿಯಂತ್ರಣ ಕೊಠಡಿಯಲ್ಲಿದ್ದವರು ಸೋಮಾರಿಗಳಾಗಿರಲಿಲ್ಲ. ಎದುರಿನ ಪರದೆ ಸುಮ್ಮನಿತ್ತು, ಸುಮ್ಮನಿರುವುದೆಂದರೆ ಕ್ಷೇಮ ಎಂದು ಅವರಿಗೆ ಅಭ್ಯಾಸವಾಗಿತ್ತು.

ನಮ್ಮ ದೇಶದಲ್ಲೂ ಇದರ ನೆಂಟಸ್ತಿಕೆಯ ಪ್ರಸಂಗವಿದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಬಿದ್ದಾಗ, ಆವರ್ತನ ಕುಸಿದೊಡನೆ ತಾನಾಗಿ ಹೊರೆ ಇಳಿಸಬೇಕಿದ್ದ ರಿಲೇಗಳಿಂದ ನಿರೀಕ್ಷಿಸಿದಷ್ಟು ನೆರವು ಸಿಗಲಿಲ್ಲ ಎಂದು ತನಿಖೆ ಹೇಳಿತು. ರಿಲೇಗಳು ಇದ್ದವು, ಬೇಕಾದ ಹೊತ್ತಿಗೆ ಒದಗಲಿಲ್ಲ. ಆಗ ದಕ್ಷಿಣದ ಗ್ರಿಡ್ ಪ್ರತ್ಯೇಕವಾಗಿದ್ದುದರಿಂದ ಕಲಬುರಗಿಗೆ ಅದರ ಬಿಸಿ ತಟ್ಟಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಚಾಲೂ ಆಗಿ ದಕ್ಷಿಣ ಗ್ರಿಡ್ ದೇಶದ ಗ್ರಿಡ್ಡಿಗೆ ಸೇರಿತು. ಆ ಬೆಸುಗೆ ಆದದ್ದು ನಮ್ಮ ಮಗ್ಗುಲಲ್ಲೇ. ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡು ಕಲ್ಯಾಣ ಕರ್ನಾಟಕದ 7 ಜಿಲ್ಲೆಗಳಿಗೆ ವಿದ್ಯುತ್ ಹಂಚುವ ಜೆಸ್ಕಾಂ ಈಗ ಆ ದೊಡ್ಡ ಜಾಲದ ಒಂದು ಗಂಟು. ಅಲ್ಲಿನ ಕಾವಲು ವ್ಯವಸ್ಥೆ ಎಚ್ಚರವಾಗಿದೆಯೇ ಎಂಬುದು ಕಲಬುರಗಿಯೊಂದರ ಪ್ರಶ್ನೆಯಾಗಿ ಉಳಿದಿಲ್ಲ.

ಇನ್ನು ಮನುಷ್ಯರ ಜೀವಕ್ಕೆ ನೇರ ತಗಲುವ ಮಾತಿಗೆ ಬರೋಣ. 2022ರ ಜೂನ್ 3ರ ಬೆಳಗ್ಗೆ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಬೀದರ್–ಶ್ರೀರಂಗಪಟ್ಟಣ ಹೆದ್ದಾರಿಯಲ್ಲಿ ಕಮಲಾಪುರದ ಹತ್ತಿರ ಸರಕು ವಾಹನಕ್ಕೆ ಡಿಕ್ಕಿಯಾಗಿ ಹೊತ್ತಿ ಉರಿಯಿತು. ಹಲವರು ಒಳಗೇ ಸುಟ್ಟುಹೋದರು, ಗಾಯಗೊಂಡವರನ್ನು ಕಲಬುರಗಿಗೆ ಸಾಗಿಸಲಾಯಿತು. ಅದೇ ವರ್ಷದ ಸೆಪ್ಟೆಂಬರ್ ಕೊನೆಯ ವಾರದಲ್ಲಿ ರಾಜ್ಯದ 108 ಆಂಬುಲೆನ್ಸ್ ಸೇವೆಯ ಕರೆ ಕೇಂದ್ರದ ಯಂತ್ರಾಂಶ ಕೆಟ್ಟು ಸೇವೆ ಅಸ್ತವ್ಯಸ್ತವಾಯಿತು. ತಾನಾಗಿ ನಡೆಯಬೇಕಿದ್ದ ಕೆಲಸವನ್ನು ಸಿಬ್ಬಂದಿ ಕೈಯಿಂದ ಮಾಡಬೇಕಾಗಿ ಬಂದು ಪ್ರತಿ ಕರೆಗೂ ಹೆಚ್ಚು ಸಮಯ ಹಿಡಿಯಿತು, ಎಷ್ಟೋ ಜನರಿಗೆ ಲೈನೇ ಸಿಗಲಿಲ್ಲ. ಈ ಎರಡೂ ಘಟನೆಗಳು ಒಂದೇ ದಿನ ಆಗಲಿಲ್ಲ ಎಂಬುದಷ್ಟೇ ನಮ್ಮ ಭಾಗ್ಯ. 108 ಕೂಡ ಒಂದು ಈವೆಂಟ್ ಮ್ಯಾನೇಜ್‌ಮೆಂಟ್ ವ್ಯವಸ್ಥೆಯೇ. ಅಲ್ಲಿ ಸುದ್ದಿ ಕಳಿಸುವುದು ಸರ್ವರ್ ಬದಲು ನರಳುತ್ತಿರುವ ಮನುಷ್ಯ.

108ರ ಪ್ರಸಂಗದಿಂದ ತಿಳಿಯಬೇಕಾದ ಒಂದು ತಾಂತ್ರಿಕ ಅಂಶವಿದೆ. ಇಂಥ ಕೇಂದ್ರಕ್ಕೆ ಒಂದು ಜಿಲ್ಲೆಯಿಂದ ಯಾವ ಹೊತ್ತಿಗೆ ಸುಮಾರು ಎಷ್ಟು ಕರೆ ಬರುತ್ತವೆ ಎಂಬುದಕ್ಕೆ ವರ್ಷಗಳ ದಾಖಲೆ ಇರುತ್ತದೆ. ಬೆಳಗಿನ 10 ಗಂಟೆಯಲ್ಲಿ ಕಲಬುರಗಿ ಜಿಲ್ಲೆಯಿಂದ ಒಂದೂ ಕರೆ ಬರುತ್ತಿಲ್ಲ ಎಂದರೆ ಜಿಲ್ಲೆಯವರೆಲ್ಲ ಆರೋಗ್ಯವಾಗಿದ್ದಾರೆ ಎಂದು ಅರ್ಥವಲ್ಲ, ಲೈನ್ ಸತ್ತಿದೆ ಎಂದರ್ಥ. ಕಂಪ್ಯೂಟರ್ ಜಾಲಕ್ಕೂ ಇದೇ ಲೆಕ್ಕ. ಒಳಬರುವ ಈವೆಂಟ್‌ಗಳ ಹರಿವು ಏಕಾಏಕಿ ಏರಿದರೆ ನೋಡುವವರಿದ್ದಾರೆ. ಏಕಾಏಕಿ ಇಳಿದರೆ ನೋಡುವವರು ಕಡಿಮೆ. ಇಳಿದ ಹರಿವು ಎಲ್ಲರಿಗೂ ಇಷ್ಟ. ತಿಂಗಳ ವರದಿಯಲ್ಲಿ ಅದು ಸಾಧನೆಯಾಗಿ ಕಾಣುತ್ತದೆ. ಅಪಾಯ ಅಡಗಿರುವುದೇ ಅಲ್ಲಿ ಎಂದು ನಾನು ಖಚಿತವಾಗಿ ನಂಬುತ್ತೇನೆ.

ಕಾವಲು ವ್ಯವಸ್ಥೆಯ ಒಳಗೆ ಮೌನ ಹುಟ್ಟುವ ಜಾಗಗಳು ಹಲವು. ಕಮಲಾಪುರದ ಕಚೇರಿಯಲ್ಲಿ ಸುದ್ದಿ ಸಂಗ್ರಹಿಸುವ ಪುಟ್ಟ ತಂತ್ರಾಂಶವೇ ನಿಂತಿರಬಹುದು. ಅದು ಓಡುತ್ತಿದ್ದು, ಕೇಂದ್ರಕ್ಕೆ ಸೇರಲು ಬೇಕಾದ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿರಬಹುದು. ಕೇಂದ್ರದಲ್ಲಿ ಸರತಿ ಬೆಳೆದು ಬೆಳಗ್ಗೆ ಹುಟ್ಟಿದ ಸುದ್ದಿ ಸಂಜೆ ಪರದೆಗೆ ಬರಬಹುದು. ಇದು ತುಂಬ ಮೋಸದ ರೋಗ, ಏಕೆಂದರೆ ಪರದೆಯಲ್ಲಿ ಸುದ್ದಿಗಳು ಓಡುತ್ತಲೇ ಇರುತ್ತವೆ, ಎಲ್ಲ ಜೀವಂತವಾಗಿಯೇ ಕಾಣುತ್ತದೆ. ಸುದ್ದಿ ಹುಟ್ಟಿದ ಗಳಿಗೆಗೂ ಅದು ಮನುಷ್ಯನ ಕಣ್ಣಿಗೆ ಬಿದ್ದ ಗಳಿಗೆಗೂ ನಡುವಿನ ಅಂತರ ಅಳೆದರೆ ಮಾತ್ರ ಇದು ಸಿಕ್ಕಿಬೀಳುತ್ತದೆ. ಹಾಗೆ ಅಳೆಯಬೇಕಾದರೆ ಎರಡೂ ತುದಿಯ ಗಡಿಯಾರ ಒಂದೇ ಸಮಯ ತೋರಿಸಬೇಕು. ತಾಲ್ಲೂಕು ಮಟ್ಟದ ಯಂತ್ರಗಳ ಗಡಿಯಾರ ಸರಿಯಿದೆಯೇ ಎಂದು ನೋಡುವುದು ಬೇಸರದ ಕೆಲಸ, ಆದರೆ ಅದಿಲ್ಲದೆ ಉಳಿದ ಯಾವ ಅಳತೆಗೂ ಅರ್ಥವಿಲ್ಲ.

ಇನ್ನೊಂದು ಜಾಗ ನಿಯಮಗಳದ್ದು. ಯುಪಿಎಸ್ ಬದಲಿಸುವ ದಿನ ಸುಳ್ಳು ಅಲಾರ್ಮ್ ಬಾರದಿರಲೆಂದು ಒಂದು ಯಂತ್ರದ ಎಚ್ಚರಿಕೆಗಳನ್ನು ತಾತ್ಕಾಲಿಕವಾಗಿ ಅಡಗಿಸುತ್ತಾರೆ. ಕೆಲಸ ಮುಗಿಯುತ್ತದೆ, ಅಡಗಿಸಿದ್ದನ್ನು ತೆಗೆಯುವುದು ಮರೆತುಹೋಗುತ್ತದೆ. ಮಾಡಿದವರಿಗೆ ವರ್ಗಾವಣೆಯಾಗುತ್ತದೆ. ಆ ಯಂತ್ರ ಆಮೇಲೆ ಎಷ್ಟು ಕೂಗಿದರೂ ಯಾರಿಗೂ ಕೇಳಿಸುವುದಿಲ್ಲ. ಆದ್ದರಿಂದ ಕಾವಲು ವ್ಯವಸ್ಥೆಯ ಆರೋಗ್ಯ ನೋಡುವವರು ಎಷ್ಟು ಎಚ್ಚರಿಕೆ ಬಂತು ಎಂದು ಕೇಳುವುದಕ್ಕಿಂತ ಮೊದಲು, ಎಷ್ಟು ಎಚ್ಚರಿಕೆಗಳನ್ನು ನಾವೇ ಬಾಯಿ ಕಟ್ಟಿ ಕೂರಿಸಿದ್ದೇವೆ, ಯಾವತ್ತಿನಿಂದ, ಯಾರ ಹೆಸರಲ್ಲಿ, ಯಾವತ್ತಿನವರೆಗೆ ಎಂದು ಕೇಳಬೇಕು. ಕೊನೆಯ ದಿನಾಂಕವಿಲ್ಲದ ಅಡಗಿಸುವಿಕೆಯನ್ನು ತಂತ್ರಾಂಶ ಒಪ್ಪಿಕೊಳ್ಳಲೇಬಾರದು.

ಮೌನದ ಕೊನೆಯ ಜಾಗ ಕಲಬುರಗಿಯ ಬಿಸಿಲಿಗೆ ಸಂಬಂಧಿಸಿದ್ದು. ಬೇಸಿಗೆಯಲ್ಲಿ ಇಲ್ಲಿ ಉಷ್ಣಾಂಶ 42–43 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವುದು ರೂಢಿ. ನೌಕರರ ಆರೋಗ್ಯದ ದೃಷ್ಟಿಯಿಂದ ಇದು ನ್ಯಾಯವಾದ ಕ್ರಮ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಸರ್ವರ್ ಕೋಣೆಗೆ ನಿಜವಾದ ಕಷ್ಟ ಶುರುವಾಗುವುದೇ ಒಂದೂವರೆಯ ನಂತರ. ಎಸಿಯ ಮೇಲೆ ಹೊರೆ ಬೀಳುವುದು, ಕರೆಂಟ್ ಹೋಗಿ ಬರುವುದು, ಸೆಕೆಗೆ ಯುಪಿಎಸ್ ಬ್ಯಾಟರಿಗಳ ಆಯುಷ್ಯ ಕರಗುವುದು ಆ ಹೊತ್ತಿನಲ್ಲೇ. ಕಾವಲು ವ್ಯವಸ್ಥೆ ಸರಿಯಾಗಿಯೇ ಕೂಗುತ್ತದೆ, ಬೀಗ ಹಾಕಿದ ಕೋಣೆಯ ಪರದೆಯ ಮೇಲೆ. ಎಚ್ಚರಿಕೆ ಯಾರ ಫೋನಿಗೆ ಹೋಗಬೇಕೆಂಬ ಪಟ್ಟಿಯಲ್ಲಿ ಬೇಸಿಗೆ ವೇಳೆಗೆ ತಕ್ಕ ಬದಲಾವಣೆ ಆಗಿದೆಯೇ, ಪಟ್ಟಿಯಲ್ಲಿರುವವರು ಇನ್ನೂ ಅದೇ ಹುದ್ದೆಯಲ್ಲಿದ್ದಾರೆಯೇ, ಅವರ ನಂಬರ್ ಚಾಲ್ತಿಯಲ್ಲಿದೆಯೇ ಎಂಬುದೂ ವ್ಯವಸ್ಥೆಯ ಆರೋಗ್ಯದ ಭಾಗ. ಬೆಂಗಳೂರಿನಲ್ಲಿ ಕುಳಿತು ಎಲ್ಲ ಜಿಲ್ಲೆಗಳಿಗೂ ಒಂದೇ ಪಾಳಿ ಪಟ್ಟಿ ಬರೆದವರಿಗೆ ಕಲಬುರಗಿಯ ಮೇ ತಿಂಗಳು ಹೊಳೆಯುವುದಿಲ್ಲ.

ಇದಕ್ಕೆಲ್ಲ ಉತ್ತರವಾಗಿ ಎಂಜಿನಿಯರುಗಳು ಬಳಸುವ ಮೊದಲ ಉಪಾಯ ಸರಳವಾದದ್ದು. ಹಾಲು ಹಿಡಿದ ಜೋಳದ ಹೊಲದಲ್ಲಿ ಮಂಚಿಕೆ ಮೇಲೆ ನಿಂತು ಹಕ್ಕಿ ಕಾಯುವವನು ಹಕ್ಕಿ ಬಂದಾಗ ಮಾತ್ರ ಕೂಗುವುದಿಲ್ಲ, ಆಗಾಗ ಸುಮ್ಮನೆಯೂ ಒಂದು ಕೂಗು ಹಾಕುತ್ತಾನೆ. ಬದುವಿನಾಚೆಯ ಮಾಲೀಕನಿಗೆ ಅವನು ಎಚ್ಚರವಿದ್ದಾನೆಂದು ತಿಳಿಯುವುದು ಆ ಕೂಗಿನಿಂದ. ಕೂಗು ನಿಂತರೆ ಮಾಲೀಕ ಎದ್ದು ಹೊರಡುತ್ತಾನೆ. ಪ್ರೊಮಿಥಿಯಸ್ ಎಂಬ ಮುಕ್ತ ತಂತ್ರಾಂಶ ಬಳಸುವವರಲ್ಲಿ ‘ವಾಚ್‌ಡಾಗ್’ ಎಂಬ ಒಂದು ಅಲಾರ್ಮ್ ಇಡುವ ಪದ್ಧತಿ ಇದೆ. ಅದು ಏನೂ ತಪ್ಪಾಗದಿದ್ದರೂ ಸದಾ ಮೊಳಗುತ್ತಲೇ ಇರುತ್ತದೆ. ಬೇರೊಂದು ಕಡೆ ಇರುವ, ಮೊದಲನೆಯದರ ಜೊತೆ ಯಾವ ಹಂಗೂ ಇಲ್ಲದ ಸಣ್ಣ ವ್ಯವಸ್ಥೆ ಆ ಸದ್ದಿಗೆ ಕಿವಿಗೊಟ್ಟಿರುತ್ತದೆ. ಸದ್ದು ನಿಂತರೆ ಅದು ಮನುಷ್ಯರನ್ನು ಎಬ್ಬಿಸುತ್ತದೆ.

ಹಂಗಿಲ್ಲದಿರುವುದು ಇಲ್ಲಿ ತುಂಬ ಮುಖ್ಯ. 2017ರ ಫೆಬ್ರುವರಿ 28ರಂದು ಅಮೆಜಾನ್ ಕಂಪನಿಯ ಎಸ್3 ಎಂಬ ದತ್ತಾಂಶ ಸಂಗ್ರಹ ಸೇವೆ ಕೆಲ ಗಂಟೆ ಕೆಟ್ಟಿತ್ತು. ಯಾವ ಸೇವೆ ಸರಿಯಿದೆ, ಯಾವುದು ಕೆಟ್ಟಿದೆ ಎಂದು ಗ್ರಾಹಕರಿಗೆ ತೋರಿಸುವ ಅವರ ಸ್ಥಿತಿಫಲಕವೂ ಎಸ್3 ಅನ್ನೇ ಅವಲಂಬಿಸಿತ್ತು. ಹಾಗಾಗಿ ಫಲಕದ ಬಣ್ಣ ಬದಲಿಸಲಾಗದೆ ಕಂಪನಿ ಟ್ವಿಟರ್‌ನಲ್ಲಿ ಸುದ್ದಿ ಹೇಳಬೇಕಾಯಿತು. ಅಷ್ಟು ದೊಡ್ಡ ಕಂಪನಿಗೇ ಹೀಗಾದ ಮೇಲೆ ನಮ್ಮ ಜಿಲ್ಲಾ ಮಟ್ಟದಲ್ಲಿ ಈ ಪ್ರಶ್ನೆ ಕೇಳಲು ಯಾರೂ ಸಂಕೋಚಪಡಬೇಕಿಲ್ಲ: ಕಮಲಾಪುರದ ಲಿಂಕ್ ಕಡಿದಿದೆ ಎಂಬ ಸುದ್ದಿ ಕಮಲಾಪುರದಿಂದ ಹೊರಡಬೇಕಾದ ದಾರಿ ಯಾವುದು? ಅದೇ ಲಿಂಕ್ ಆಗಿದ್ದರೆ ಆ ಸುದ್ದಿ ಎಂದೂ ಬರುವುದಿಲ್ಲ. ಬೇರೆ ಕಂಪನಿಯ ಸಿಮ್ ಹಾಕಿದ, ತನ್ನದೇ ಬ್ಯಾಟರಿಯಿರುವ, ಎಸ್ಸೆಮ್ಮೆಸ್ ಕಳಿಸಬಲ್ಲ ಒಂದು ಪುಟ್ಟ ಪೆಟ್ಟಿಗೆ ಅಲ್ಲಿ ಇರಬೇಕು. ಇದರ ಖರ್ಚು ಆ ಕಚೇರಿಯ ಒಂದು ಸಾಧಾರಣ ಪ್ರಿಂಟರಿಗಿಂತ ಹೆಚ್ಚಾಗುವುದಿಲ್ಲ.

ಆದರೂ ಸದಾ ಮೊಳಗುವ ಸದ್ದೊಂದೇ ಸಾಲದು ಎಂಬುದನ್ನು ಮಳೆಮಾಪಕ ನಮಗೆ ಕಲಿಸುತ್ತದೆ. ಲಾಳಿಕೆ ಕಟ್ಟಿಕೊಂಡ ಮಾಪಕದ ಬ್ಯಾಟರಿ ಚೆನ್ನಾಗಿರುತ್ತದೆ, ಸಿಗ್ನಲ್ ಇರುತ್ತದೆ, 15 ನಿಮಿಷಕ್ಕೊಮ್ಮೆ ತಪ್ಪದೆ ವರದಿ ಬರುತ್ತದೆ. ಜೀವ ಇದೆ, ಸ್ಪರ್ಶಜ್ಞಾನ ಇಲ್ಲ. ಇದನ್ನು ಪತ್ತೆಹಚ್ಚಲು ಎರಡು ದಾರಿ. ನೆರೆಹೊರೆಯ ಮಾಪಕಗಳ ಜೊತೆ ತಾಳೆ ನೋಡುವುದು ಒಂದು. ಕಮಲಾಪುರ ಸುತ್ತಿನ ಮಹಾಗಾಂವದಲ್ಲೂ ಡೊಂಗರಗಾಂವದಲ್ಲೂ ಜೋರು ಮಳೆಯಾದ ರಾತ್ರಿ ಹತ್ತಿರದ ಓಕಳಿಯಲ್ಲಿ ಸೊನ್ನೆ ಎಂದು ಬಂದರೆ ಅನುಮಾನ ಹುಟ್ಟಬೇಕು. ಆದರೆ ನಮ್ಮ ಬಯಲುಸೀಮೆಯ ಮಳೆಯ ಸ್ವಭಾವ ಬಲ್ಲವರಿಗೆ ಗೊತ್ತು, ಎತ್ತಿನ ಒಂದು ಕೋಡು ನೆನೆದು ಇನ್ನೊಂದು ಒಣಗಿರುವಂತೆ ಸುರಿಯುವುದೂ ಉಂಟು. ಆದ್ದರಿಂದ ಎರಡನೆಯ ದಾರಿಯೇ ಗಟ್ಟಿ. ಅಳತೆ ಮಾಡಿದ ನೀರನ್ನು ಲಾಳಿಕೆಗೆ ನಿಧಾನವಾಗಿ ಸುರಿದು, ಅಷ್ಟೇ ಮಳೆ ಬೆಂಗಳೂರಿನ ಪರದೆಯಲ್ಲಿ ಮೂಡಿತೇ ಎಂದು ನೋಡುವುದು. ಅದು ಪರೀಕ್ಷೆಯ ನೀರು ಎಂದು ಮೊದಲೇ ಗುರುತು ಹಾಕಿದರೆ ದಾಖಲೆಯೂ ಕೆಡುವುದಿಲ್ಲ.

ಐಟಿ ಕಾವಲು ವ್ಯವಸ್ಥೆಗೂ ಬೇಕಾದದ್ದು ಇದೇ ಅಳತೆ ನೀರು. ದಿನಕ್ಕೊಮ್ಮೆ, ಗೊತ್ತುಪಡಿಸದ ಹೊತ್ತಿನಲ್ಲಿ, ಕಮಲಾಪುರದ ಯಂತ್ರವೊಂದು ಕೃತಕವಾಗಿ ಒಂದು ದೋಷದ ಸುದ್ದಿ ಹೊರಡಿಸಲಿ. ಅದು ಸಂಗ್ರಾಹಕಕ್ಕೆ ಬಂದು, ಸರತಿ ದಾಟಿ, ನಿಯಮಗಳ ಜರಡಿಯಲ್ಲಿ ಇಳಿದು, ಟಿಕೆಟ್ ಆಗಿ, ಪಾಳಿಯಲ್ಲಿರುವವರ ಫೋನಿನಲ್ಲಿ ಮೊಳಗಿ, ಅವರು ಒಪ್ಪಿಕೊಂಡು ಗುಂಡಿ ಒತ್ತುವವರೆಗೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಲಿ. ಫಸ್ಟ್‌ಎನರ್ಜಿಯಲ್ಲಿ ಇಂಥದ್ದೊಂದು ಪರೀಕ್ಷೆಯ ಅಲಾರ್ಮ್ ಅರ್ಧ ಗಂಟೆಗೊಮ್ಮೆ ಬರುತ್ತಿದ್ದರೆ, 3 ಗಂಟೆಗೆ ಮೊದಲೇ ಯಾರಾದರೊಬ್ಬರು ಇದು ಬರಲಿಲ್ಲವಲ್ಲ ಎಂದು ಕೇಳುತ್ತಿದ್ದರು. ಕೇಂದ್ರದ ಸರ್ವರಿನ ಸಿಪಿಯು ಎಷ್ಟು ಬಿಸಿಯಾಗಿದೆ, ಮೆಮೊರಿ ಎಷ್ಟು ಉಳಿದಿದೆ ಎಂಬ ಅಂಕಿಗಳು ಇರಲಿ, ಬೇಡವೆನ್ನುವುದಿಲ್ಲ. ಆದರೆ ಅವು ಕಾವಲುಗಾರನ ನಾಡಿ ಎಷ್ಟಿದೆ ಎಂದು ಹೇಳುತ್ತವೆ, ಅವನಿಗೆ ಕಣ್ಣು ಕಾಣುತ್ತಿದೆಯೇ ಎಂದು ಹೇಳುವುದಿಲ್ಲ.

ಇದಕ್ಕೆ ಎರಡು ಆಕ್ಷೇಪಗಳಿವೆ, ಎರಡೂ ತೂಕದವು. ಕಾವಲನ್ನು ಕಾಯಲು ಇನ್ನೊಂದು ಕಾವಲು ಇಟ್ಟರೆ ಅದನ್ನು ಕಾಯುವವರಾರು, ಇದಕ್ಕೆ ಕೊನೆ ಎಲ್ಲಿ ಎಂಬುದು ಮೊದಲನೆಯದು. ಕಾವಲುಗಳನ್ನು ಒಂದರ ಮೇಲೊಂದು ಪೇರಿಸಿದರೆ ಕೊನೆ ಇಲ್ಲ, ನಿಜ. ಸುತ್ತಾಗಿ ಜೋಡಿಸಿದರೆ ಕೊನೆ ಸಿಗುತ್ತದೆ. ಕಲಬುರಗಿಯ ವ್ಯವಸ್ಥೆ ಬೀದರಿನದನ್ನು ನೋಡಲಿ, ಬೀದರಿನದು ರಾಯಚೂರಿನದನ್ನು, ರಾಯಚೂರಿನದು ಕಲಬುರಗಿಯದನ್ನು. ಮೂರೂ ಒಟ್ಟಿಗೆ ಒಂದೇ ಕ್ಷಣದಲ್ಲಿ ಮೂಕವಾಗುವ ಸಂಭವ ಒಂದು ಮೂಕವಾಗುವುದಕ್ಕಿಂತ ಎಷ್ಟೋ ಕಡಿಮೆ. ಮೂರರಲ್ಲೂ ಒಂದೇ ತಂತ್ರಾಂಶದ ಒಂದೇ ಆವೃತ್ತಿ ಇದ್ದರೆ ಈ ಲೆಕ್ಕ ತಪ್ಪುತ್ತದೆ ಎಂಬುದನ್ನು ಮರೆಯುವಂತಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ಕೆಟ್ಟ ಪರಿಷ್ಕರಣೆ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಕಾಯಲು ಇಟ್ಟದ್ದೇ ಎಲ್ಲ ಕಡೆ ಒಂದೇ ಹೊತ್ತಿಗೆ ಕೆಡವಿತು. ಹೀಗಾಗಿ ಸುತ್ತಿನಲ್ಲಿ ಒಂದಾದರೂ ಬೇರೆ ತಳಿಯ, ತೀರ ಸರಳವಾದ ಕಾವಲು ಇರಬೇಕು.

ಎರಡನೆಯ ಆಕ್ಷೇಪ ಪಾಳಿಯಲ್ಲಿ ಕೂರುವವರದ್ದು, ಅದಕ್ಕೆ ನನ್ನ ಗೌರವ ಹೆಚ್ಚು. ಈಗಾಗಲೇ ಬರುವ ಎಚ್ಚರಿಕೆಗಳನ್ನೇ ನೋಡಿ ಮುಗಿಸಲಾಗುತ್ತಿಲ್ಲ, ಪರೀಕ್ಷೆಯ ಹೆಸರಲ್ಲಿ ಇನ್ನಷ್ಟು ಸದ್ದು ಏಕೆ ಎಂದು ಅವರು ಕೇಳುತ್ತಾರೆ. ಒಂದು ಫೀಡರಿನಲ್ಲಿ ಕರೆಂಟ್ ಹೋದರೆ ಆ ಸುತ್ತಿನ ಹತ್ತಾರು ರೂಟರ್, ಯುಪಿಎಸ್, ಕ್ಯಾಮೆರಾಗಳು ಒಟ್ಟಿಗೆ ಕೂಗತೊಡಗುತ್ತವೆ. ಕಾರಣ ಒಂದು, ಕೂಗು ನೂರು. ಇಂಥ ಸಂತೆಯಲ್ಲಿ ಕುಳಿತವರು ಸದ್ದಿಗೆ ಕಿವುಡಾಗುವುದು ಮನುಷ್ಯ ಸಹಜ. ನನ್ನ ಉತ್ತರ ಇಷ್ಟು: ಎಷ್ಟು ಎಚ್ಚರಿಕೆಗಳನ್ನು ಯಾರೂ ತೆರೆಯದೆಯೇ ಮುಚ್ಚಿದರು ಎಂಬುದನ್ನೂ ವ್ಯವಸ್ಥೆಯ ಆರೋಗ್ಯದ ಅಳತೆಯಾಗಿ ತೆಗೆದುಕೊಳ್ಳಿ. ಓದದೆ ಮುಚ್ಚಿದ್ದು ಹೆಚ್ಚಾದರೆ ಅದು ನೌಕರನ ಉದಾಸೀನ ಎಂದು ನೋಟಿಸ್ ಕೊಡುವ ಮೊದಲು, ನಿಯಮ ಬರೆದವರು ತಮ್ಮ ಬರವಣಿಗೆ ತಿದ್ದಲಿ. ದಿನಕ್ಕೊಂದು ಪರೀಕ್ಷೆಯ ಸುದ್ದಿ ಯಾರಿಗೂ ಭಾರವಾಗದು, ಅರ್ಥವಿಲ್ಲದ ಐನೂರು ಸುದ್ದಿಗಳೇ ಭಾರ.

ಪರೀಕ್ಷೆ ಬಹಿರಂಗವಾಗಿ ನಡೆಯಬೇಕು ಎಂಬುದನ್ನೂ ಒತ್ತಿ ಹೇಳಬೇಕು. 2023ರ ಅಕ್ಟೋಬರ್ 12ರಂದು ದೂರಸಂಪರ್ಕ ಇಲಾಖೆ ಕರ್ನಾಟಕದಲ್ಲಿ ತುರ್ತು ಎಚ್ಚರಿಕೆಯ ಪ್ರಯೋಗ ಮಾಡಿತು. ಎಷ್ಟೋ ಜೇಬುಗಳಲ್ಲಿ ಫೋನುಗಳು ಒಮ್ಮೆಗೇ ವಿಚಿತ್ರ ಸದ್ದು ಮಾಡಿದವು, ಜನ ಗಾಬರಿಯಾಗಿ ನೋಡಿದರೆ ಇದು ಪರೀಕ್ಷೆ ಎಂಬ ಸಂದೇಶ. ಅಂದು ಗಾಬರಿಯಾಗಿದ್ದು ಅದು ಅಪರೂಪವಾದ್ದರಿಂದ. ನೆದರ್ಲೆಂಡ್ಸ್ ದೇಶದಲ್ಲಿ ಪ್ರತಿ ತಿಂಗಳ ಮೊದಲ ಸೋಮವಾರ ಮಧ್ಯಾಹ್ನ 12ಕ್ಕೆ ಸೈರನ್ ಮೊಳಗಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಯಾವ ಬೀದಿಯಲ್ಲಿ ಸದ್ದು ಕೇಳಲಿಲ್ಲ ಎಂದು ಆ ಬೀದಿಯವರೇ ಹೇಳಬಲ್ಲರು. ಗಂಡೋರಿ ನಾಲಾ ಜಲಾಶಯದ ಕೆಳಗಿನ ಹಳ್ಳಿಗಳಿಗೆ, ಬೆಣ್ಣೆತೊರೆಯ ದಂಡೆಯವರಿಗೆ, 2020ರ ಅಕ್ಟೋಬರಿನ ಪ್ರವಾಹ ಕಂಡ ಭೀಮಾ ತೀರದವರಿಗೆ ಇಂಥ ತಿಂಗಳ ಪರೀಕ್ಷೆ ಯಾಕೆ ಬೇಡ? ಗೇಟು ತೆಗೆಯುವ ಮುನ್ನ ಬರುವ ಸಂದೇಶ ತಮಗೆ ಮುಟ್ಟುತ್ತದೋ ಇಲ್ಲವೋ ಎಂಬುದನ್ನು ಅವರು ನೀರು ಬಂದ ದಿನ ತಿಳಿಯಬಾರದು.

ಮಳೆಮಾಪಕದ ವಿಷಯದಲ್ಲಿ ಈ ಬಹಿರಂಗತೆ ಹಣದ ಪ್ರಶ್ನೆಯೂ ಹೌದು. ಅಡಿಕೆ, ಮೆಣಸು, ದಾಳಿಂಬೆಯಂಥ ತೋಟದ ಬೆಳೆಗಳ ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ಸಿಗುವುದೋ ಬಿಡುವುದೋ ಎಂಬುದು ಈ ಮಾಪಕಗಳ ಅಂಕಿಯ ಮೇಲೆ ನಿಂತಿದೆ. ಮಾಪಕ ಕೆಟ್ಟಿದ್ದರಿಂದ ಪರಿಹಾರ ತಪ್ಪಿತು ಎಂದು ಮಲೆನಾಡು–ಕರಾವಳಿಯ ಬೆಳೆಗಾರರು ದೂರಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. 1988ರಲ್ಲೇ ಬರ ಉಸ್ತುವಾರಿ ಕೋಶ ಕಟ್ಟಿ ದೇಶಕ್ಕೆ ದಾರಿ ತೋರಿದ ರಾಜ್ಯ ನಮ್ಮದು. ಪಂಚಾಯಿತಿಗೊಂದು ಮಳೆಮಾಪಕ ಇಟ್ಟ ಸಾಹಸ ಸಣ್ಣದಲ್ಲ, ಆ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ. ಆ ಹೆಮ್ಮೆ ಇರುವುದರಿಂದಲೇ ಕೇಳುತ್ತಿದ್ದೇನೆ. ಪ್ರತಿ ಪಂಚಾಯಿತಿಯ ಮಳೆಯ ಅಂಕಿಯ ಪಕ್ಕದಲ್ಲೇ ಇನ್ನೆರಡು ಸಂಗತಿ ಅಚ್ಚಾಗಲಿ: ಈ ಮಾಪಕ ಕೊನೆಯ ಬಾರಿ ಮಾತಾಡಿದ್ದು ಯಾವಾಗ, ಇದಕ್ಕೆ ಕೊನೆಯ ಬಾರಿ ಅಳತೆ ನೀರು ಸುರಿದು ನೋಡಿದ್ದು ಯಾವಾಗ. ಕೊನೆಯ ಬಾರಿ ಮಾತಾಡಿ ಎರಡು ಗಂಟೆ ಕಳೆದಿದ್ದರೆ ಅಲ್ಲಿ ಸೊನ್ನೆ ಬರೆಯುವ ಹಕ್ಕು ಯಾರಿಗೂ ಇಲ್ಲ. ‘ಮಾಹಿತಿ ಬಂದಿಲ್ಲ’ ಎಂದು ಬರೆಯಬೇಕು.

ಇದೇ ಎರಡು ಸಂಗತಿಗಳನ್ನು ಪ್ರತಿ ತಾಲ್ಲೂಕು ಕಚೇರಿಯ ಕಂಪ್ಯೂಟರ್ ಜಾಲದ ಬಗ್ಗೆಯೂ ಜಿಲ್ಲಾಡಳಿತ ವಾರಕ್ಕೊಮ್ಮೆ ಪ್ರಕಟಿಸಬಹುದು. ಕಳೆದ ದಶಕದ ಕೊನೆಗೆ ಹೊಸದಾಗಿ ತಾಲ್ಲೂಕಾದ ಕಮಲಾಪುರದಿಂದಲೇ ಶುರುವಾಗಲಿ. ಕೆಂಪು ಬಾಳೆಗೆ ಹೆಸರಾದ ಈ ಊರು ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ತಾಸೊಪ್ಪತ್ತಿನ ದಾರಿ, ಒಬ್ಬ ಎಂಜಿನಿಯರ್ ಬೆಳಗ್ಗೆ ಹೋಗಿ ಮಧ್ಯಾಹ್ನಕ್ಕೆ ಮರಳಬಹುದು. ಮೊದಲ ವಾರ ಪರೀಕ್ಷೆಯ ಸುದ್ದಿ ಬಹುಶಃ ಕಲಬುರಗಿಗೆ ತಲುಪುವುದೇ ಇಲ್ಲ. ತಲುಪದಿದ್ದರೆ ಎಲ್ಲಿ ನಿಂತಿತೆಂದು ಹುಡುಕಿ, ಸಂಗ್ರಾಹಕವೋ ಸರತಿಯೋ ನಿಯಮವೋ ಫೋನ್ ನಂಬರೋ ಎಂದು ಹೆಸರಿಸಿ ಬರೆಯಬೇಕು. ಆ ಕೆಲಸ ಮಾರ್ಚ್ ಮುಗಿಯುವುದರೊಳಗೆ ಆಗಬೇಕು. ಏಪ್ರಿಲ್‌ನಿಂದ ಕಚೇರಿಗಳು ಒಂದೂವರೆಗೆ ಬೀಗ ಹಾಕುತ್ತವೆ.